ಕಾಂಪೌಂಡರ್ ಕೋನಪ್ಪ ಮತ್ತು ಹಂದಿಜ್ವರದ ಡಬ್ಬ

ಕೋನಪ್ಪನವರಿಗೆ ಸಿಟ್ಟು ಬಂದಿದೆ ಎಂಬುದು ಆರೋಗ್ಯ ಕೇಂದ್ರದಲ್ಲಿ ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದುದು ಔಷಧ ಕೊಡುವ ಕಿಟಕಿಗೆ. ಅದರ ಮರದ ಬಾಗಿಲು ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು. ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಎರಡು ನಿಮಿಷಕ್ಕೆ ಕಿಟಕಿ ಮತ್ತೆ ತೆರೆಯುತ್ತಿತ್ತು. ಬೈಗುಳವೂ ಔಷಧವೂ ಒಟ್ಟಿಗೇ ಹೊರಗೆ ಬರುತ್ತಿದ್ದವು.

"ಮೂರು ದಿನದ ಮಾತ್ರೆ ಒಂದೇ ದಿನ ನುಂಗಿದ್ದೀಯಲ್ಲಯ್ಯ, ಅದೇನು ಹುರಿದ ಕಡಲೆಕಾಯಾ?"

ಕಡಲೆಕಾಯಿಯ ಮಾತು ಅವರ ಬಾಯಲ್ಲಿ ಸುಮ್ಮನೆ ಬರುತ್ತಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯವರು ಅವರು. ತಂದೆ ಎರ್ರಪ್ಪ ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತು ಮಗನನ್ನು ಓದಿಸಿದರು. ಅವರ ಕೇರಿಯಿಂದ ಹತ್ತನೇ ತರಗತಿ ದಾಟಿದ ಮೊದಲ ಹುಡುಗ ಕೋನಪ್ಪ. ಫಾರ್ಮಸಿ ಡಿಪ್ಲೊಮಾ ಮುಗಿಸಿ 1982ರಲ್ಲಿ ಚಿಂತಾಮಣಿಯಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಅಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಬಯ್ಯಪ್ಪ ಎಂಬ ಹಳೆಯ ಕಾಂಪೌಂಡರ್ ಅವರಿಗೆ ಕಾಲೇಜು ಕಲಿಸದ ಒಂದು ಕೆಲಸ ಕಲಿಸಿದರು. ಔಷಧದ ಬಾಟಲಿಗೆ ಬೆರಳಗಲದ ಕಾಗದದ ಪಟ್ಟಿ ಅಂಟಿಸುವುದು. ಪಟ್ಟಿಯನ್ನು ಮಡಿಸಿ ಅಂಚಿನಲ್ಲಿ ಕತ್ತರಿ ಆಡಿಸಿದರೆ ಹಲ್ಲುಹಲ್ಲಾಗಿ ಗುರುತು ಮೂಡುತ್ತದೆ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಔಷಧ. ಓದು ಬಾರದವರೂ ಕತ್ತಲಲ್ಲಿ ಬೆರಳಾಡಿಸಿ ಎಷ್ಟು ಕುಡಿಯಬೇಕೆಂದು ತಿಳಿಯಬಹುದಿತ್ತು.

"ಚೀಟಿ ಬರೆಯೋದು ಡಾಕ್ಟರು. ಆದ್ರೆ ಮನೇಲಿ ರೋಗಿ ಹತ್ರ ಕೂರೋದು ಈ ಪಟ್ಟಿ ಕಣೋ," ಎನ್ನುತ್ತಿದ್ದರು ಬಯ್ಯಪ್ಪ.

ಮುಂದೆ ಕಂಪನಿಯ ಸಿರಪ್ಪುಗಳು ಮುಚ್ಚಳದ ಅಳತೆಯೊಂದಿಗೆ ಬಂದವು. ಪಟ್ಟಿ ಕತ್ತರಿಸುವ ಕೆಲಸ ಹೋಯಿತು. ಕಾಂಪೌಂಡರ್ ಹೋಗಿ ಫಾರ್ಮಸಿಸ್ಟ್ ಆಯಿತು, ಜನರ ಬಾಯಲ್ಲಿ ಮಾತ್ರ ಅವರು ಕಾಂಪೌಂಡರ್ರೇ. 2009ರ ಹೊತ್ತಿಗೆ ಅವರು ಜಂಗಮಕೋಟೆ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿದ್ದರು. ಮನೆ ಶಿಡ್ಲಘಟ್ಟದಲ್ಲಿ. ಹಜಾರದ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೊಪೆಡ್ಡಿನ ಕೀ ನೇತುಹಾಕುವ ಮೊಳೆ.

ಸಿಟ್ಟಿಗೆ ಅವರ ಬಳಿ ಕಾರಣಗಳ ಕೊರತೆ ಇರಲಿಲ್ಲ. ಒಂದು ಕಾರಣವನ್ನು ಮಾತ್ರ ಅವರು ಯಾರ ಮುಂದೆಯೂ ಹೇಳುತ್ತಿರಲಿಲ್ಲ. ಆ ಸೀಮೆ ರೇಷ್ಮೆ ಸೀಮೆ. ಹುಳು ಸಾಕುವ ಮನೆಗೆ ಹೊರಗಿನವರನ್ನು ಬಿಟ್ಟುಕೊಳ್ಳುವುದಿಲ್ಲ, ಕಾಲಿನ ಧೂಳಿನಲ್ಲಿ ರೋಗ ಬರುತ್ತದೆಂಬ ಭಯ. ನ್ಯಾಯವಾದ ಭಯವೇ. ಔಷಧ ಕೊಡಲು ಹೋದ ಕೋನಪ್ಪನವರನ್ನು ಎಷ್ಟೋ ಮನೆಯವರು ಗೇಟಿನಲ್ಲೇ ನಿಲ್ಲಿಸಿದ್ದರು. ಹುಳುವಿಗಾಗಿ ನಿಲ್ಲಿಸಿದರೋ, ತಮ್ಮ ತಂದೆ ಎರ್ರಪ್ಪನವರನ್ನು ನಿಲ್ಲಿಸುತ್ತಿದ್ದ ಕಾರಣಕ್ಕೇ ನಿಲ್ಲಿಸಿದರೋ ಎಂದು ಅವರಿಗೆ ಒಮ್ಮೆಯೂ ಖಾತ್ರಿಯಾಗಿರಲಿಲ್ಲ. ಕೇಳಿದರೆ 'ಹುಳು ಇದೆಯಪ್ಪ' ಎನ್ನುತ್ತಿದ್ದರು. ಆ ಮಾತಿಗೆ ಎದುರು ಮಾತಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಟೀವಿಯ ತುಂಬ ಹಂದಿಜ್ವರ. ಪುಣೆಯ ಸಾವು, ಬೆಂಗಳೂರಿನ ಸಾವು, ಮೂಗಿಗೆ ಕರ್ಚೀಫು ಕಟ್ಟಿಕೊಂಡ ಶಾಲೆಯ ಮಕ್ಕಳು. ಅದಕ್ಕೆ ಕೊಡುವ ಒಸೆಲ್ಟಮಿವಿರ್ ಎಂಬ ಔಷಧ ಆಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಸರ್ಕಾರದ ಕೈಯಲ್ಲಿ ಮಾತ್ರ ಇತ್ತು. ಕೋನಪ್ಪನವರ ಕೇಂದ್ರಕ್ಕೂ ಒಂದು ಡಬ್ಬ ಬಂತು. ಐದು ಸ್ಟ್ರಿಪ್, ಒಂದೊಂದರಲ್ಲಿ ಹತ್ತು ಕ್ಯಾಪ್ಸೂಲ್, ಒಟ್ಟು ಐವತ್ತು. ಎಲ್ಲವೂ ದೊಡ್ಡವರ ಅಳತೆಯವು. ಮಕ್ಕಳ ಸಿರಪ್ ಹಿಂದೆಯೇ ಬರುತ್ತದೆ ಎಂದಿದ್ದರು. ಬರಲಿಲ್ಲ.

ಆಗ ಕೇಂದ್ರದಲ್ಲಿ ಡಾಕ್ಟರ ಹುದ್ದೆ ಖಾಲಿ ಇತ್ತು. ಬೀಗದ ಕೈ ಕೋನಪ್ಪನವರ ಬಳಿ. ಡಬ್ಬ ಬಂದ ವಾರದಲ್ಲೇ ತಾಲ್ಲೂಕು ಮಟ್ಟದ ಮುಖಂಡ ಮುರಳಿಮೋಹನ್ ಬಂದು, ಮನೆಯಲ್ಲಿ ಯಾರಿಗೂ ಜ್ವರವಿಲ್ಲದಿದ್ದರೂ, ಎರಡು ಸ್ಟ್ರಿಪ್ ಒಯ್ದರು. ಕೇಳಿದ್ದಕ್ಕೆ 'ಮುನ್ನೆಚ್ಚರಿಕೆ' ಎಂದರು. ಕಟ್ಟಡದ ಗುತ್ತಿಗೆದಾರನೊಬ್ಬನಿಗೆ ಒಂದು ಹೋಯಿತು, ಖಾಸಗಿ ಶಾಲೆ ನಡೆಸುವವರೊಬ್ಬರಿಗೆ ಒಂದು. ಐದನೆಯದು ಇನ್ನೊಂದು ಮನೆ ಸೇರಿತು. ಪುಸ್ತಕದಲ್ಲಿ ಕೋನಪ್ಪ ಐದಕ್ಕೂ ಒಂದೇ ಪದ ಬರೆದರು: 'ಸಂಪರ್ಕಿತರು'. ರೋಗಿಯ ಜೊತೆ ಒಡನಾಟವಿದ್ದವರು ಎಂದು ಅರ್ಥ. ರೋಗಿಯೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಕಲ್ಯಾಣಿ ಎಂಬ ಹೊಸ ಡಾಕ್ಟರು ಗುತ್ತಿಗೆಯ ಮೇಲೆ ಬಂದರು. ಇಪ್ಪತ್ತೇಳು ವರ್ಷ, ಮೆಲುದನಿ. ಬಂದ ದಿನವೇ ಬೀರುವಿನಲ್ಲಿದ್ದ ಸುತ್ತೋಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಓದಲು ಕುಳಿತರು. 'ಎಷ್ಟು ದಿನ ಓದ್ತಾರೆ ನೋಡಣ' ಎಂದುಕೊಂಡಿದ್ದರು ಕೋನಪ್ಪ.

ಆ ತಿಂಗಳ ಮೂರನೇ ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಂಜಿನಮ್ಮ ಎಂಬ ಹೆಂಗಸು ನಾಲ್ಕು ಕಿಲೋಮೀಟರ್ ನಡೆದುಕೊಂಡು ಬಂದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಮೌನಿಕಾ. ಮಗುವಿನ ತಲೆ ತಾಯಿಯ ಹೆಗಲಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಉಸಿರಿನ ಜೊತೆ ಸಣ್ಣ ಸಿಳ್ಳೆ. ಜ್ವರ ನೂರಾ ಮೂರು.

"ಎಷ್ಟು ದಿನ ಆಯ್ತಮ್ಮ?" ಕಲ್ಯಾಣಿ ಕೇಳಿದರು.

"ಮಂಗಳವಾರ ಸಾಯಂಕಾಲ ಮೈ ಬಿಸಿಯಾಯ್ತು ಮೇಡಂ. ಕೆಮ್ಮು ಅದಕ್ಕೂ ಸ್ವಲ್ಪ ಮುಂಚೆ."

"ಮಂಗಳವಾರ ಬಂದಿದ್ದು ಇವತ್ತು ತಂದಿದ್ದೀಯಾ?" ಕಿಟಕಿಯ ಆಚೆಯಿಂದ ಕೋನಪ್ಪನವರ ದನಿ. "ಉಬ್ಬಸದ ಮಗು ಅಂತ ನಿಂಗೆ ಗೊತ್ತು. ಹೋದ ಚಳಿಗಾಲದಲ್ಲೂ ನಾನೇ ಔಷಧಿ ಕೊಟ್ಟಿದ್ದೆ."

ಆಂಜಿನಮ್ಮ ಅವರ ಕಡೆ ತಿರುಗಲಿಲ್ಲ. "ಹುಳು ಐದನೇ ಹಂತದಲ್ಲಿದೆ ಸಾರ್. ಇವತ್ತು ನಾಳೆ ಹಣ್ಣಾಗಿ ಗೂಡು ಕಟ್ಟಕ್ಕೆ ಬರುತ್ತೆ. ನಮ್ಮತ್ತೆ ಆಚೆ ಹೋಗಿ ಬರೋ ಹಂಗಿಲ್ಲ ಅಂದ್ರು. ದಿನಾ ಬೆಳಿಗ್ಗೆ ಹುಳು ಮೇಲೆ ಸುಣ್ಣದ ಪುಡಿ ಚೆಲ್ತೀವಲ್ಲ, ಆ ಘಾಟಿಗೆ ಕೆಮ್ಮು ಬಂದೈತೆ, ಬಿಡು ಅಂದ್ರು. ಇವತ್ತು ಅವ್ರು ಸೊಪ್ಪಿಗೆ ಹೋದಾಗ ಎದ್ದು ಬಂದ್ಬಿಟ್ಟೆ."

ಕಿಟಕಿ ಧಡ್ ಎಂದು ಮುಚ್ಚಿಕೊಂಡಿತು.

ಕಲ್ಯಾಣಿ ಮಗುವಿಗೆ ನೆಬ್ಯುಲೈಸರ್ ಹಾಕಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು, ಗಡಿಯಾರ ನೋಡಿಕೊಂಡು ಉಸಿರು ಎಣಿಸಿದರು, ತೂಕ ತೆಗೆದರು. ಹದಿಮೂರು ಕಿಲೋ. ಆಮೇಲೆ ಚೀಟಿ ಬರೆದು ತಾವೇ ಎದ್ದು ಔಷಧದ ಕೋಣೆಗೆ ಬಂದರು.

"ಕೋನಪ್ಪನವರೇ, ಇದು ಫ್ಲೂ. ಹಂದಿಜ್ವರವೇ ಇರಬಹುದು. ಐದು ವರ್ಷದೊಳಗಿನ ಮಗು, ಮೇಲೆ ಉಬ್ಬಸ. ಇಂಥ ಮಕ್ಕಳಿಗೆ ರಿಪೋರ್ಟಿಗೆ ಕಾಯಬೇಡಿ, ಔಷಧ ಶುರು ಮಾಡಿ ಅಂತ ಸುತ್ತೋಲೆಯ ಮೂರನೇ ಪುಟದಲ್ಲಿದೆ. ಎರಡು ದಿನದೊಳಗೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತೆ. ತಡವಾದರೂ ಕೊಡಲೇಬೇಕು, ಆದರೆ ಅಷ್ಟು ಉಪಯೋಗ ಆಗಲ್ಲ. ಇವತ್ತು ಸಂಜೆಗೆ ಎರಡು ದಿನ ಆಗುತ್ತೆ. ಒಂದು ಹೊತ್ತಿಗೆ ಮೂವತ್ತು ಮಿಲಿಗ್ರಾಂ, ದಿನಕ್ಕೆ ಎರಡು ಹೊತ್ತು, ಐದು ದಿನ. ಸಿರಪ್ ಇದೆಯಾ?"

"ಇಲ್ಲ. ಎಪ್ಪತ್ತೈದು ಮಿಲಿಗ್ರಾಂ ಕ್ಯಾಪ್ಸೂಲ್ ಬಂದಿದ್ದು."

"ಅದನ್ನ ಬಿಚ್ಚಿ ಸಕ್ಕರೆ ಪಾಕದಲ್ಲಿ ಕದಡಿ ಕೊಡಬಹುದು. ನಿಮಗೆ ಬರುತ್ತಾ?"

ಇಪ್ಪತ್ತೇಳು ವರ್ಷ ಸರ್ವೀಸಿನ ಕಾಂಪೌಂಡರನ್ನು ಹಾಗೆ ಕೇಳಿದ್ದಕ್ಕೆ ಬೇರೆ ದಿನವಾಗಿದ್ದರೆ ಕೋನಪ್ಪ ಉರಿದು ಬೀಳುತ್ತಿದ್ದರು. ಅಂದು ಅವರು ಲೆಕ್ಕ ಹಾಕುತ್ತಿದ್ದರು. ದಿನಕ್ಕೊಂದು ಕ್ಯಾಪ್ಸೂಲ್, ಇಪ್ಪತ್ತೈದು ಎಂ.ಎಲ್. ಪಾಕ, ಹೊತ್ತಿಗೆ ಹತ್ತು ಎಂ.ಎಲ್. ಉಳಿದ ಐದನ್ನು ಚೆಲ್ಲಿ, ಮಾರನೆಯ ದಿನ ಹೊಸದಾಗಿ ಮಾಡುವುದು. ಐದು ದಿನಕ್ಕೆ ಐದು ಕ್ಯಾಪ್ಸೂಲ್.

"ಬರುತ್ತೆ," ಎಂದರು.

"ಡಬ್ಬ ಎಲ್ಲಿ?"

ಕೋನಪ್ಪ ಬೀರು ತೆರೆದು ಡಬ್ಬ ಮುಂದಿಟ್ಟರು. ಕಲ್ಯಾಣಿ ಅದನ್ನು ತೆರೆದು ನೋಡಿ, ಪುಸ್ತಕ ತೆಗೆದು ನೋಡಿದರು. "ಐದೂ ಸ್ಟ್ರಿಪ್ ಸಂಪರ್ಕಿತರಿಗೆ. ರೋಗಿ ಯಾರು?"

ಕೋನಪ್ಪ ಬೀಗದ ಕೈಯನ್ನು ಜೇಬಿಗಿಳಿಸಿದರು.

ಕಲ್ಯಾಣಿ ಬೈಯಲಿಲ್ಲ. ಡಬ್ಬದ ಮುಚ್ಚಳ ಹಾಕಿ, ಅದು ತುಂಬಿದೆಯೋ ಎನ್ನುವ ಹಾಗೆ ಜೋಪಾನವಾಗಿ ಮೊದಲಿದ್ದ ಜಾಗಕ್ಕೆ ಇಟ್ಟರು. ಆಕೆ ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಕೋನಪ್ಪನವರಿಗೆ.

ಕೋನಪ್ಪ ಔಷಧದ ಉಗ್ರಾಣಕ್ಕೆ ಫೋನು ಮಾಡಿದರು. ಅತ್ತಲಿನ ಗುಮಾಸ್ತ ಏನನ್ನೋ ಅಗಿಯುತ್ತಲೇ ಮಾತಾಡಿದ. ಸಿರಪ್ ಬಂದಿಲ್ಲ. ಕ್ಯಾಪ್ಸೂಲ್ ಬೇಕಿದ್ದರೆ ಹಿಂದಿನ ಐವತ್ತಕ್ಕೆ ರೋಗಿಗಳ ವಿವರ ಕಳಿಸಿ, ಜೊತೆಗೆ ಗಂಟಲು ದ್ರವದ ರಿಪೋರ್ಟು.

"ಮಗು ಇಲ್ಲಿ ಬೆಂಚಿನ ಮೇಲೆ ಮಲಗೈತೆ ಕಣ್ರೀ."

"ಎಲ್ಲಾ ಕಡೆ ಮಕ್ಕಳು ಮಲಗಿದ್ದಾವೆ. ಸೋಮವಾರ ಬನ್ನಿ."

ಕೋನಪ್ಪ ಫೋನು ಕುಕ್ಕಿದರು. ಸೋಮವಾರ ಬನ್ನಿ! ತಾವೂ ಕಿಟಕಿಯಲ್ಲಿ ಎಷ್ಟು ಜನಕ್ಕೆ ಇದೇ ದನಿಯಲ್ಲಿ ಇದೇ ಮಾತು ಹೇಳಿರಬಹುದು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಕಲ್ಯಾಣಿ, ಮಗುವಿನ ಉಸಿರು ಈಗ ಸ್ವಲ್ಪ ಹಗುರಾಗಿದೆ, ಇಲ್ಲೇ ಇಟ್ಟುಕೊಂಡು ನೋಡುತ್ತೇನೆ, ಏರಿದರೆ 108 ಕರೆಸುತ್ತೇನೆ ಎಂದರು. ಕೋನಪ್ಪ ಮೊಪೆಡ್ ಹತ್ತಿದರು.

ಮುರಳಿಮೋಹನ್ ಮನೆ ಅಲ್ಲಿಂದ ಐದು ಕಿಲೋಮೀಟರ್. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ತೋಟದ ನಡುವೆ ಕಿಟಕಿಗೆ ಸೊಳ್ಳೆಪರದೆಯಂಥ ಬಲೆ ಬಿಗಿದ ಹುಳು ಮನೆಗಳು. ಹುಳುವನ್ನು ಕೊಲ್ಲುವ ಊಜಿ ನೊಣ ಒಳಗೆ ಬರದಂತೆ ಆ ಬಲೆ. ನೊಣಕ್ಕೆ ಎಷ್ಟು ಬಂದೋಬಸ್ತು ಎಂದುಕೊಂಡರು ಕೋನಪ್ಪ. ಹುಳುವೊಂದು ಸಪ್ಪಗಾದರೆ ಅರ್ಧ ಗಂಟೆ ತಡೆಯುವುದಿಲ್ಲ ಈ ಜನ. ಮಗು ಎರಡು ದಿನ ಕೆಮ್ಮಿದೆ. ಸುಣ್ಣದ ಘಾಟಂತೆ! ಮೊಪೆಡ್ಡಿನ ಸದ್ದಿನಲ್ಲಿ ಅವರು ಜೋರಾಗಿಯೇ ಬೈದುಕೊಳ್ಳುತ್ತಿದ್ದರು.

ಮುರಳಿಮೋಹನ್ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಕಾಂಪೌಂಡರನ್ನು ಕಂಡು ನಕ್ಕರು. "ಏನ್ರೀ ಕೋನಪ್ಪನೋರೇ, ಬಿಸಿಲಲ್ಲಿ?"

"ಆ ಮಾತ್ರೆ ವಾಪಸ್ ಕೊಡಿ."

"ಯಾವ ಮಾತ್ರೆ?"

"ಹಂದಿಜ್ವರದ್ದು. ಎರಡು ಸ್ಟ್ರಿಪ್. ನಾಲ್ಕು ವರ್ಷದ ಮಗು ಆಸ್ಪತ್ರೇಲಿ ಮಲಗೈತೆ. ಐದು ಬೇಕು. ಸಂಜೆಯೊಳಗೆ ಮೊದಲ್ನೇದು ಹೊಟ್ಟೇಗೆ ಹೋಗ್ಬೇಕು."

"ಅಯ್ಯೋ, ಅದು ಇನ್ನೆಲ್ಲಿ! ಬೆಂಗಳೂರಲ್ಲಿ ನಮ್ಮ ಅಕ್ಕನ ಮಗಳ ಮನೆಗೆ ಆವತ್ತೇ ಕಳಿಸ್ಬಿಟ್ಟೆ. ಅಲ್ಲಿ ಭಯ ಜಾಸ್ತಿ ನೋಡಿ."

"ಅವ್ರಿಗೆ ಜ್ವರ ಬಂದಿತ್ತಾ?"

"ಬರಬಾರ್ದು ಅಂತ ತಾನೇ ಕಳಿಸಿದ್ದು?"

ಕೋನಪ್ಪನವರ ದನಿ ಏರಿತು. "ಜ್ವರ ಇಲ್ಲದ ಮನೇಲಿ ಇಪ್ಪತ್ತು ಮಾತ್ರೆ, ಜ್ವರ ಬಂದ ಮಗೂಗೆ ಸೊನ್ನೆ. ಸರ್ಕಾರದ ಮಾತ್ರೆ ಏನು ನೆಂಟರಿಗೆ ಹಂಚೋ ಎಲೆ ಅಡಿಕೆಯಾ ಸ್ವಾಮಿ? ಸ್ವಲ್ಪನಾದ್ರೂ..."

ಮುರಳಿಮೋಹನ್ ಪೇಪರು ಮಡಿಸಿದರು. ನಗು ಹೋಗಿರಲಿಲ್ಲ. "ನನ್ನ ಮೇಲೆ ಕೂಗಾಡ್ತೀರಲ್ಲ, ಕೊಟ್ಟೋರು ಯಾರು? ನಾನೇನು ಬೀಗ ಒಡೆದ್ನಾ? ಆವತ್ತು ನೀವೇ ಅಲ್ವಾ ಹೇಳಿದ್ದು, 'ತಗೊಳ್ಳಿ ಸಾರ್, ನಾನೂ ಮನೇಗೆ ಒಂದು ಇಟ್ಕೊಂಡಿದ್ದೀನಿ, ಮೊಮ್ಮಗ ಇದ್ದಾನೆ' ಅಂತ? ಐದು ತಾನೇ ಬೇಕಿರೋದು? ನಿಮ್ಮನೇಲಿ ಹತ್ತೈತಲ್ಲ!"

ಕೋನಪ್ಪ ಮೊಪೆಡ್ಡಿನ ಕಡೆ ತಿರುಗಿದರು. ಅಂಗಳದಲ್ಲಿ ಮೊಪೆಡ್ ಇನ್ನೂ ಗುರುಗುಟ್ಟುತ್ತ ನಿಂತಿತ್ತು. ಬೆಳಿಗ್ಗೆಯಿಂದ ಅವರು ಆಂಜಿನಮ್ಮನ ಮೇಲೆ, ಅವಳ ಅತ್ತೆಯ ಮೇಲೆ, ಗುಮಾಸ್ತನ ಮೇಲೆ, ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡಿದ್ದರು. ಆ ಐದನೇ ಸ್ಟ್ರಿಪ್ ಮಾತ್ರ ಅವರಿಗೆ ನೆನಪಾಗಿರಲಿಲ್ಲ. ನೆನಪಾಗಿರಲಿಲ್ಲವೇ? ಕಲ್ಯಾಣಿ ಡಬ್ಬ ತೆರೆದಾಗಲೇ ಅದು ಎದೆಯಲ್ಲೆಲ್ಲೋ ಚುಚ್ಚಿತ್ತು. ಚುಚ್ಚಿದ್ದರಿಂದಲೇ ಅವರು ಇಷ್ಟು ಜೋರಾಗಿ ಇಲ್ಲಿಗೆ ಬಂದಿದ್ದರು. ಈ ಮನೆಯಲ್ಲಿ ಐದು ಸಿಕ್ಕಿದ್ದರೆ ತಮ್ಮ ಮನೆಯ ಹತ್ತು ಹಾಗೇ ಉಳಿಯುತ್ತಿತ್ತು.

ಶಿಡ್ಲಘಟ್ಟ ಮುಟ್ಟುವ ಹೊತ್ತಿಗೆ ಒಂದು ಗಂಟೆ. ಮನೆಯ ಬೀರುವಿನಲ್ಲಿ ಹೆಂಡತಿ ಅಕ್ಕಯ್ಯಮ್ಮನ ರೇಷ್ಮೆ ಸೀರೆಯ ಮಡಿಕೆಯೊಳಗೆ ಸ್ಟ್ರಿಪ್ ಇತ್ತು. ಬೀಗದ ಕೈ ಆಕೆಯ ಸೆರಗಿನಲ್ಲಿ. ಹಜಾರದಲ್ಲಿ ಎರಡು ವರ್ಷದ ಮೊಮ್ಮಗ ಜಗನ್ ಚಮಚ ಹಿಡಿದು ತಟ್ಟೆ ಬಡಿಯುತ್ತಿದ್ದ.

"ಕೀ ಕೊಡು."

"ಯಾಕೆ?"

ಅವರು ಹೇಳಿದರು. ಅಕ್ಕಯ್ಯಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ನಾಳೆ ಇವನಿಗೇ ಬಂದ್ರೆ? ಆಗ ಎಲ್ಲಿ ಹೋಗಿ ತರ್ತೀರಿ? ನೀವೇ ಅಲ್ವಾ ತಂದು ಇಟ್ಟಿದ್ದು, ಯಾರಿಗೂ ಹೇಳ್ಬೇಡ ಅಂತ?"

"ನಾನೇ."

"ಯಾರ ಮಗು ಅದು?"

"ಅಶ್ವತ್ಥಮ್ಮನ ಮೊಮ್ಮಗಳು. ಹುಳು ಮನೆಯೋರು."

"ನಿಮ್ಮನ್ನ ಗೇಟಲ್ಲಿ ನಿಲ್ಲಿಸೋರಾ? ಒಂದು ದಿನ ಒಳಗೆ ಬನ್ನಿ, ಕೂತ್ಕೊಳ್ಳಿ ಅಂದಿದ್ದಾರಾ ಆ ಮನೇಲಿ?"

"ಇಲ್ಲ."

"ಮತ್ತೆ?"

"ಮಗು ನಿಲ್ಲಿಸಿಲ್ಲ ಕಣೇ."

ಅಕ್ಕಯ್ಯಮ್ಮ ಸೆರಗಿನ ಗಂಟು ಬಿಚ್ಚಿದರು. ಕೋನಪ್ಪ ಸ್ಟ್ರಿಪ್ಪನ್ನು ನಡುವೆ ಕತ್ತರಿಸಲು ಹೋದಾಗ ಆಕೆ ಕತ್ತರಿ ಕಿತ್ತುಕೊಂಡರು.

"ಅರ್ಧ ಇಟ್ಟುಹೋಗಿ ಯಾರಿಗೆ ಒಳ್ಳೇವ್ರಾಗ್ತೀರಿ? ಹತ್ತೂ ತಗೊಂಡೋಗಿ. ಇನ್ನೊಂದು ಮಗು ಬಂದಾಗ ಮತ್ತೆ ಇಲ್ಲಿಗೆ ಓಡಿ ಬರೋದು ಬೇಡ. ಇವನಿಗೆ ಜ್ವರ ಬಂದ್ರೆ ಅದೇ ಕಿಟಕೀಲಿ ಸಾಲು ನಿಲ್ತೀನಿ. ಆಗ ನನ್ನ ಮೇಲೂ ಕೂಗಾಡಿ."

ಹೊರಡುವಾಗ ಅವರು ಅಟ್ಟದ ಮೇಲಿನ ಡಬ್ಬಿಯಿಂದ ಔಷಧ ಅರೆಯುವ ಪಿಂಗಾಣಿಯ ಖಲ್ಲು ಇಳಿಸಿಕೊಂಡರು. ಬಯ್ಯಪ್ಪ ಕೊಟ್ಟಿದ್ದು.

ಎರಡು ಗಂಟೆಗೆ ಅವರು ಔಷಧದ ಕೋಣೆಯಲ್ಲಿ ಕುಳಿತು ಕ್ಯಾಪ್ಸೂಲ್ ಬಿಚ್ಚಿದರು. ಚಿಟಿಕೆಯಷ್ಟು ಬಿಳಿ ಪುಡಿ. ಫ್ಯಾನ್ ಆರಿಸಿ ಒಂದು ಕಣವೂ ಹಾರದಂತೆ ಖಲ್ಲಿಗೆ ಸುರಿದು, ಕಾಯಿಸಿ ಆರಿಸಿದ ನೀರಿನಲ್ಲಿ ಅರೆದರು, ಸಕ್ಕರೆ ಪಾಕ ಬೆರೆಸಿ ಅಳೆದು ಬಾಟಲಿಗೆ ಹಾಕಿದರು. ಆಮೇಲೆ ಹಳೆಯ ಚೀಟಿಯೊಂದರ ಅಂಚು ಹರಿದು, ಮಡಿಸಿ, ಕತ್ತರಿ ಆಡಿಸಿದರು. ಎರಡು ಹಲ್ಲು. ಕೈ ಮರೆತಿರಲಿಲ್ಲ. ಕಲ್ಯಾಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಸ್ಟ್ರಿಪ್ ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ಕೋನಪ್ಪನವರೇ ಹೇಳಿದರು.

"ನಮ್ಮನೇಲಿತ್ತು ಡಾಕ್ಟ್ರಮ್ಮ."

"ಗೊತ್ತಾಯಿತು," ಎಂದರು ಕಲ್ಯಾಣಿ. "ಕೊಡಿ, ಮಗು ಕಾಯ್ತಿದೆ."

ಎರಡೂ ಇಪ್ಪತ್ತಕ್ಕೆ ಮೌನಿಕಾ ಮೊದಲ ಹೊತ್ತಿನದನ್ನು ಕುಡಿದಳು. ಕುಡಿದ ಕೂಡಲೇ ಮುಖ ಕಿವುಚಿ, ಅಷ್ಟು ಜ್ವರದಲ್ಲೂ ಕೋನಪ್ಪನವರ ಕೈಗೆ ಒಂದೇಟು ಹಾಕಿದಳು.

"ಹೊಡಿಯಮ್ಮ, ಹೊಡಿ. ನಂಗೆ ಇನ್ನೂ ನಾಲ್ಕು ಬೀಳ್ಬೇಕು," ಎಂದರು ಅವರು. ಆಂಜಿನಮ್ಮ ತಮಾಷೆ ಎಂದುಕೊಂಡು ನಕ್ಕಳು. ಹಿಂದೆಯೇ ಅವರು ಅವಳಿಗೆ ಪಟ್ಟಿ ತೋರಿಸಿದರು. ರಾತ್ರಿ ಊಟದ ಹೊತ್ತಿಗೆ ಈ ಹಲ್ಲಿನಿಂದ ಈ ಹಲ್ಲಿಗೆ. ಕೆಳಗೆ ಉಳಿದದ್ದನ್ನು ಚೆಲ್ಲಬೇಕು. ನಾಳೆ ಹೊಸದು. ಸಂಜೆಯವರೆಗೆ ಮಗುವನ್ನು ಬೆಂಚಿನ ಮೇಲೆ ಮಲಗಿಸಿಕೊಂಡು, ಸಿಳ್ಳೆ ಕಡಿಮೆಯಾದ ಮೇಲೆ ಕಲ್ಯಾಣಿ ಮನೆಗೆ ಬಿಟ್ಟರು. ಉಸಿರು ಏರಿದರೆ, ತುಟಿ ನೀಲಿಯಾದರೆ, ನೀರು ಕುಡಿಯದಿದ್ದರೆ ಹುಳು ಇರಲಿ ಗೂಡು ಇರಲಿ ತಕ್ಷಣ 108ಕ್ಕೆ ಫೋನು ಮಾಡಬೇಕೆಂದು ಮೂರು ಸಲ ಹೇಳಿಸಿದರು.

ಶುಕ್ರವಾರ ಬೆಳಿಗ್ಗೆ ಕೋನಪ್ಪ ಹೊಸ ಬಾಟಲಿ ಹಿಡಿದು ಆ ಮನೆಯ ಗೇಟಿನಲ್ಲಿ ನಿಂತರು. ಬಾಗಿಲ ಮುಂದೆ ಸುಣ್ಣ, ಬ್ಲೀಚಿಂಗ್ ಪುಡಿ ಚೆಲ್ಲಿದ ಗೋಣಿಚೀಲ. ಒಳಗಿನಿಂದ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆಯಂತೆ. ಅತ್ತೆ ಅಶ್ವತ್ಥಮ್ಮ ಬಾಗಿಲಿಗೆ ಬಂದರು. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಸೊಪ್ಪಿನ ಕುಡುಗೋಲು.

"ಅಲ್ಲೇ ನಿಂತ್ಕೊಳಪ್ಪ. ಹುಳು ಹಣ್ಣಾಗ್ತೈತೆ."

"ನಿಂತಿದ್ದೀನಮ್ಮ. ಒಂದು ಮಾತು ಕೇಳ್ತೀನಿ. ಹಾಲು ರೋಗ ಬಂದ ಹುಳು ಕಂಡ್ರೆ ಎಷ್ಟು ಹೊತ್ತಿಗೆ ತೆಗೀತೀರಿ?"

"ಕಂಡ ತಕ್ಷಣ. ಇಲ್ದಿದ್ರೆ ತಟ್ಟೆ ಪೂರಾ ಹೋಗುತ್ತೆ."

"ಮಗೂಗೆ ಮಾತ್ರ ಎರಡು ದಿನ."

ಅಶ್ವತ್ಥಮ್ಮ ಕುಡುಗೋಲು ಕೆಳಗಿಡಲಿಲ್ಲ. "ಸುಣ್ಣದ ಘಾಟು ಅಂದ್ಕೊಂಡೆ. ಸುಣ್ಣ ಹಾಕಿದ ದಿನ ನಂಗೂ ಕೆಮ್ಮು ಬರುತ್ತೆ, ಮಧ್ಯಾಹ್ನಕ್ಕೆ ಹೋಗುತ್ತೆ. ತಪ್ಪು ನಂದೇ, ಇಲ್ಲ ಅನ್ನಲ್ಲ. ಆದ್ರೆ ಒಂದು ಮಾತು ನಾನೂ ಕೇಳ್ತೀನಿ. ನಾನು ಓದಿಲ್ಲ, ನೀನು ಓದಿದ್ದೀಯ. ಡಬ್ಬಿ ಖಾಲಿ ಮಾಡಿದೋರು ಯಾರು? ನಿನ್ನೆ ನಮ್ಮ ಹುಡುಗಿ ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ಲಂತಲ್ಲ?"

ಕೋನಪ್ಪ ಬಾಟಲಿಯನ್ನು ಗೇಟಿನ ಕಂಬದ ಮೇಲೆ ಇಟ್ಟರು. "ಪಟ್ಟಿ ನೋಡಿ ಕೊಡಕ್ಕೆ ಹೇಳಿ," ಎಂದಷ್ಟೇ ಹೇಳಿ ಹಿಂತಿರುಗಿದರು. ಆ ದಿನ ಕಿಟಕಿ ಒಮ್ಮೆಯೂ ಧಡ್ ಎನ್ನಲಿಲ್ಲ. ಸಾಲಿನಲ್ಲಿದ್ದವರು ಕಾಂಪೌಂಡರಿಗೆ ಹುಷಾರಿಲ್ಲವೇನೋ ಎಂದು ಮಾತಾಡಿಕೊಂಡರು.

ಶನಿವಾರ ಮಗುವಿನ ಜ್ವರ ನೂರಕ್ಕೆ ಇಳಿಯಿತು. ಹುಳುಗಳು ಅಂದೇ ಹಣ್ಣಾಗಿ, ಮನೆಯವರೆಲ್ಲ ಅವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಭಾನುವಾರ ರಜೆಯಾದರೂ ಕೋನಪ್ಪ ಬಾಟಲಿ ತಂದರು. ಗೇಟಿನ ಕಂಬದ ಮೇಲೆ ಹಿಂದಿನ ದಿನದ ಬಾಟಲಿ ತೊಳೆದು ಬೋರಲು ಹಾಕಿ ಇಟ್ಟಿರುತ್ತಿತ್ತು, ಪಟ್ಟಿ ಹರಿಯದ ಹಾಗೆ. ಸೋಮವಾರ, ಅಂದರೆ ಆ ಗುಮಾಸ್ತ ಬನ್ನಿ ಎಂದಿದ್ದ ದಿನ, ಐದನೇ ಕ್ಯಾಪ್ಸೂಲ್ ಮುಗಿಯಿತು. ಮೌನಿಕಾ ಬಾಗಿಲಲ್ಲಿ ನಿಂತು ಮುದ್ದೆಯ ತುಣುಕೊಂದನ್ನು ಬಾಯಲ್ಲಿಟ್ಟುಕೊಂಡು ಅವರನ್ನು ದುರುಗುಟ್ಟಿ ನೋಡಿದಳು. ಕಹಿ ಔಷಧದವನೆಂದು ಗುರುತು ಹಿಡಿದಿದ್ದಳು.

ಮುಂದಿನ ವಾರ ಕಲ್ಯಾಣಿ ಮಗುವಿನ ಎದೆ ಹೇಗಿದೆ ನೋಡಬೇಕೆಂದರು. ಕೋನಪ್ಪ ಅವರನ್ನು ಕರೆದುಕೊಂಡು ಹೋದರು. ಗೂಡು ಮಾರುಕಟ್ಟೆಗೆ ಹೋಗಿತ್ತು, ಹುಳು ಮನೆ ತೊಳೆದು ಬಾಗಿಲು ಹಾರುಹೊಡೆದಿತ್ತು. ಅಶ್ವತ್ಥಮ್ಮ ಡಾಕ್ಟರನ್ನು ಒಳಗೆ ಕರೆದು, ಕೋನಪ್ಪನವರಿಗೆಂದು ಅಂಗಳಕ್ಕೆ ಒಂದು ಕುರ್ಚಿ ತಂದು ಹಾಕಿದರು.

ಕೋನಪ್ಪ ಕುರ್ಚಿ ನೋಡಿದರು, ಕೂರಲಿಲ್ಲ.

"ಹುಳು ಎಲ್ಲಮ್ಮ ಈಗ?"

"ಮಾರಾಯ್ತಲ್ಲಪ್ಪ."

"ಹಂಗಾದ್ರೆ ಈ ಕುರ್ಚಿ ಯಾಕೆ ಇಲ್ಲಿ?"

ಅಶ್ವತ್ಥಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತರು. ಇಬ್ಬರಿಗೂ ಪ್ರಶ್ನೆ ಗೊತ್ತಿತ್ತು. ಆಕೆ ಕುರ್ಚಿಯನ್ನು ಎತ್ತಿಕೊಂಡು, ಹೊಸ್ತಿಲು ದಾಟಿ, ನಡುಮನೆಯಲ್ಲಿ ಇಟ್ಟರು. ಕೋನಪ್ಪ ಒಳಗೆ ಹೋದರು. ಕಲ್ಯಾಣಿ ಎದೆ ಪರೀಕ್ಷಿಸುವವರೆಗೆ ಕುಳಿತಿದ್ದು, ತಂದ ಕಾಫಿಯನ್ನು ಕುಡಿಯದೆ ಎದ್ದು ಬಂದರು. ಇಪ್ಪತ್ತೇಳು ವರ್ಷದ ಸಿಟ್ಟು ಒಂದು ಲೋಟ ಕಾಫಿಗೆ ಹೋಗುವಂಥದ್ದಲ್ಲ.

ತಿಂಗಳ ಕೊನೆಗೆ ಹಿಂದಿನ ಐವತ್ತು ಕ್ಯಾಪ್ಸೂಲುಗಳ ವಿವರ ನೋಡಲು ಮೇಲಿನಿಂದ ಒಬ್ಬರು ಬಂದರು. ಪುಸ್ತಕ ತಿರುವಿ, "ಸಂಪರ್ಕಿತರು ಅಂತ ಬರೆದಿದ್ದೀರಿ, ಸರಿಯಾಗೇ ಇದೆ, ಸಹಿ ಹಾಕ್ತೀನಿ" ಎಂದರು. ಕೋನಪ್ಪ ಪುಸ್ತಕ ಹಿಂದಕ್ಕೆ ಎಳೆದುಕೊಂಡರು. ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ ಹಾಳೆಯನ್ನು ಮುಂದಿಟ್ಟರು. ಅದರಲ್ಲಿ ನಾಲ್ಕು ಹೆಸರು, ಪ್ರತಿ ಹೆಸರಿನ ಎದುರು ಒಯ್ದ ಸಂಖ್ಯೆ, ಅದರ ಎದುರು 'ಜ್ವರ ಇರಲಿಲ್ಲ'. ಕೆಳಗೆ ಬೇರೆ ಸಾಲಿನಲ್ಲಿ: ಮೌನಿಕಾ, ವಯಸ್ಸು ನಾಲ್ಕು, ತೂಕ ಹದಿಮೂರು ಕಿಲೋ, ಕ್ಯಾಪ್ಸೂಲ್ ಐದು, ಜ್ವರ ಇತ್ತು. ಡಬ್ಬದಲ್ಲಿ ಉಳಿದದ್ದು ಐದು.

ಬಂದವರು ಹಾಳೆ ಓದಿ ತಲೆ ಕೆರೆದುಕೊಂಡರು. "ಇದೆಲ್ಲ ಯಾಕ್ರೀ ಬೇಕು? ನಿಮಗೇ ತೊಂದ್ರೆ."

"ಅಂಟಿಸಿ," ಎಂದರು ಕೋನಪ್ಪ. ಕಲ್ಯಾಣಿ ಗೋಂದಿನ ಬಾಟಲಿ ತಂದುಕೊಟ್ಟರು.

ತೊಂದರೆ ಬಂತು. ನೋಟಿಸು ಬಂತು, ಕೋನಪ್ಪನವರ ಬಡ್ತಿ ಒಂದು ವರ್ಷ ನಿಂತಿತು. ಅದಕ್ಕೂ ಮೊದಲು, ಸುದ್ದಿ ಹರಡಿದ ಮೂರನೇ ದಿನವೇ, ಮುರಳಿಮೋಹನ್ ಕಾರಿನಲ್ಲಿ ಬಂದು ಔಷಧದ ಕಿಟಕಿಯ ಮುಂದೆ ನಿಂತರು. ಹಿಂದೆ ಹತ್ತು ಹನ್ನೆರಡು ಜನರ ಸಾಲು, ಸಾಲಿನಲ್ಲಿ ಕೆಮ್ಮುವ ಮಕ್ಕಳು.

"ಏನ್ರೀ ಕೋನಪ್ಪ, ನನ್ನ ಹೆಸರು ಬರ್ದಿದ್ದೀರಂತೆ? ಮರ್ಯಾದೆಯಿಂದ ತೆಗೀರಿ."

ಕೋನಪ್ಪ ಒಂದು ಮಗುವಿನ ಕೆಮ್ಮಿನ ಔಷಧ ಅಳೆಯುತ್ತಿದ್ದರು. ಅಳೆದು ಮುಗಿಸಿ, ಮುಚ್ಚಳ ಬಿಗಿದು, ತಾಯಿಯ ಕೈಗೆ ಕೊಟ್ಟ ಮೇಲೆ ತಲೆ ಎತ್ತಿದರು.

"ಪಟ್ಟಿ ನೋಡಿದ್ರಾ ಸಾರ್? ಮೊದಲ್ನೇ ಹೆಸರು ನಂದು. ಹತ್ತು, ಜ್ವರ ಇರ್ಲಿಲ್ಲ. ನಿಮ್ದು ಅದರ ಕೆಳಗೈತೆ. ನನ್ನ ಹೆಸರು ತೆಗೆದ ದಿನ ನಿಮ್ದೂ ತೆಗೀತೀನಿ. ನಂದು ತೆಗೆಯಲ್ಲ. ಈಗ ಪಕ್ಕಕ್ಕೆ ಬನ್ನಿ, ನಿಮ್ಮ ಹಿಂದಿರೋ ಮಗೂಗೆ ಜ್ವರ ಐತೆ."